ಧರ್ಮಾಸ್ಪತ್ರೆಗಳಲ್ಲಿ ಸಂಕಲ್ಪವೂ ಶುಶ್ರೂಷೆಯೂ

ಧರ್ಮದ ಹೆಸರಿನಲ್ಲಿ ಸ್ಥಾಪಿತವಾದ ಆಸ್ಪತ್ರೆಗಳು ನಮ್ಮ ದೇಶದಲ್ಲಿ ಬಹುಸಂಖ್ಯೆಯಲ್ಲಿವೆ. ಕ್ರೈಸ್ತ ಮಿಶನ್ನುಗಳವು, ಮಠಗಳವು, ಜೈನ ಸಮಾಜದವು, ಮುಸಲ್ಮಾನರ ಧರ್ಮದತ್ತಿಗಳವು, ಸಂನ್ಯಾಸಿ ಸಂಘಗಳವು, ಇವೆಲ್ಲವೂ ಸೇರಿ ಸರಕಾರದ ಕೈ ಸಾಕಷ್ಟು ತಲುಪದ ಎಷ್ಟೋ ಸ್ಥಳಗಳಲ್ಲಿ ರೋಗಿಗಳಿಗೆ ಆಸರೆಯಾಗಿವೆ. ಇವುಗಳ ಹೆಬ್ಬಾಗಿಲಲ್ಲಿ ಸಾಮಾನ್ಯವಾಗಿ ಒಂದು ಧ್ಯೇಯವಾಕ್ಯವು ಕೆತ್ತಲ್ಪಟ್ಟಿರುವುದು. ಅದರ ಪಕ್ಕದಲ್ಲಿ ದಾನಿಗಳ ಹೆಸರುಳ್ಳ ಅಮೃತಶಿಲೆಯೊಂದು ಇರುವುದು. ಜ್ವರದಿಂದ ನಡುಗುತ್ತ ಒಳಗೆ ಬರುವ ಬಡವನಿಗೆ ಈ ಎರಡನ್ನೂ ಓದುವ ವ್ಯವಧಾನವಿರುವುದಿಲ್ಲ. ಅವನು ಕೇಳುವ ಪ್ರಶ್ನೆಗಳೇ ಬೇರೆ. ವೈದ್ಯರು ಎಷ್ಟು ಹೊತ್ತಿಗೆ ಬರುವರು? ಬರೆದುಕೊಟ್ಟ ಔಷಧವು ಇಲ್ಲಿಯೇ ಸಿಕ್ಕುವುದೋ, ಹೊರಗೆ ಕೊಳ್ಳಬೇಕೋ? ರಾತ್ರಿ ಎರಡು ಗಂಟೆಗೆ ಕರೆದರೆ ದಾದಿಯು ಬರುವಳೆ? ಬಿಲ್ಲು ಎಷ್ಟಾದೀತು? ಬಾಗಿಲಿನ ಮೇಲಣ ಧ್ಯೇಯವಾಕ್ಯಕ್ಕೂ ಹಾಸಿಗೆಯ ಬಳಿಯ ಈ ಪ್ರಶ್ನೆಗಳಿಗೂ ನಡುವೆ ಇರುವ ದಾರಿ ಬಹು ಉದ್ದವಾದುದು. ಆಡಳಿತ ಮಂಡಲಿಯ ಸಂಕಲ್ಪವು ಆ ದಾರಿಯನ್ನು ಕ್ರಮಿಸಿ ರೋಗಿಯನ್ನು ಮುಟ್ಟುವುದು ಹೇಗೆ, ಎಷ್ಟೋ ವೇಳೆ ಮುಟ್ಟದೆ ನಡುವೆಯೇ ನಿಂತುಹೋಗುವುದು ಏಕೆ, ಎಂಬುದನ್ನು ಇಲ್ಲಿ ವಿಚಾರಿಸಬೇಕೆಂದಿದ್ದೇವೆ.

ಕನ್ನಡ ನಾಡಿಗೆ ಈ ವಿಷಯವು ಹೊಸತಲ್ಲ. ಮಂಗಳೂರಿನ ಕಂಕನಾಡಿಯಲ್ಲಿ ಜರ್ಮನ್ ಯೇಸು ಸಭೆಯ ಪಾದ್ರಿಗಳಾದ ಆಗಸ್ಟಸ್ ಮುಲ್ಲರರು 1880ರಲ್ಲಿ ಬಡವರಿಗಾಗಿ ಹೋಮಿಯೋಪತಿ ಔಷಧಾಲಯವನ್ನು ತೆರೆದರು. 1890ರಲ್ಲಿ ಕುಷ್ಠರೋಗಿಗಳಿಗೆ ಆಶ್ರಯವು ಅಲ್ಲಿಯೇ ಆಯಿತು. ಬೆಂಗಳೂರಿನ ಸಂತ ಮಾರ್ತಾ ಆಸ್ಪತ್ರೆಯು 1886ರದು. ಮೈಸೂರಿನವರು ಇಂದಿಗೂ ‘ಮಿಶನ್ ಆಸ್ಪತ್ರೆ’ ಎಂದೇ ಕರೆಯುವ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆಯು 1906ರಲ್ಲಿ ಆರಂಭವಾಯಿತು. ಉಡುಪಿಯಲ್ಲಿ ಡಾಕ್ಟರ್ ಈವಾ ಲೊಂಬಾರ್ಡ್ ಎಂಬ ಸ್ವಿಸ್ ಮಹಿಳೆಯು 1923ರಲ್ಲಿ ಬಾಸೆಲ್ ಮಿಶನ್ನಿನ ಪರವಾಗಿ ಚಿಕಿತ್ಸಾಲಯವನ್ನು ಸ್ಥಾಪಿಸಿದಳು. ಸ್ವಾತಂತ್ರ್ಯಾನಂತರ ನಮ್ಮ ಮಠಗಳೂ ಸಮಾಜಗಳೂ ಈ ಕ್ಷೇತ್ರಕ್ಕೆ ಇಳಿದವು. ಸುತ್ತೂರು ಮಠದ ಆಶ್ರಯದಲ್ಲಿ ಮೈಸೂರಿನಲ್ಲಿ 1984ರಲ್ಲಿ ವೈದ್ಯಕೀಯ ಕಾಲೇಜು ಏರ್ಪಟ್ಟಿತು. ಆದಿಚುಂಚನಗಿರಿ ಮಠವು ಬೆಳ್ಳೂರಿನಂಥ ಹಳ್ಳಿಗಾಡಿನಲ್ಲಿ ದೊಡ್ಡ ಆಸ್ಪತ್ರೆಯನ್ನೇ ಕಟ್ಟಿತು. ವಿಜಾಪುರದಲ್ಲಿ ಅಲ್-ಅಮೀನ್ ಸಂಸ್ಥೆಯೂ, ಧಾರವಾಡದಲ್ಲಿ ಧರ್ಮಸ್ಥಳದ ಸಂಸ್ಥೆಯೂ ಕಾಲೇಜುಗಳನ್ನು ನಡೆಸುತ್ತಿವೆ. ಹೀಗೆ ಒಂದೂವರೆ ಶತಮಾನದ ಅನುಭವವು ನಮ್ಮ ಕಣ್ಣ ಮುಂದೆಯೇ ಇರುವುದು.

ಈ ಆಸ್ಪತ್ರೆಗಳನ್ನು ಕುರಿತು ನಮ್ಮಲ್ಲಿ ನಡೆದ ಚರ್ಚೆಯಾದರೋ ಬಹುಮಟ್ಟಿಗೆ ಉದ್ದೇಶವನ್ನು ಕುರಿತದ್ದು. ವೈದ್ಯದ ಉಪಕಾರವನ್ನು ಮತಾಂತರದ ಬಲೆಯಾಗಿ ಬಳಸಕೂಡದೆಂದು ಮಹಾತ್ಮರು 1930ರ ದಶಕದಲ್ಲಿ ‘ಹರಿಜನ’ ಪತ್ರಿಕೆಯಲ್ಲಿ ನಿಷ್ಠುರವಾಗಿ ಬರೆದರು. ಮಧ್ಯಪ್ರದೇಶ ಸರಕಾರವು ನೇಮಿಸಿದ ನಿಯೋಗಿ ಸಮಿತಿಯು 1956ರ ವರದಿಯಲ್ಲಿ ಅದೇ ಆಕ್ಷೇಪವನ್ನು ವಿಸ್ತರಿಸಿ, ಕಾಯಿದೆಯ ತಡೆಯನ್ನು ಸೂಚಿಸಿತು. ಆ ಚರ್ಚೆಯು ಅನಾವಶ್ಯಕವಾಗಿತ್ತೆಂದು ನಾವು ಹೇಳುವುದಿಲ್ಲ. ಆದರೆ ಉದ್ದೇಶವು ಶುದ್ಧವೇ ಅಶುದ್ಧವೇ ಎಂಬುದನ್ನು ಅಳೆಯುವುದರಲ್ಲಿ ಮಗ್ನರಾದ ನಾವು, ಉದ್ದೇಶವು ಕಾರ್ಯರೂಪಕ್ಕೆ ಬಂದಿದೆಯೇ ಎಂಬ ಸರಳ ಪ್ರಶ್ನೆಯನ್ನು ಕೇಳುವುದನ್ನೇ ಮರೆತೆವು. ಶುದ್ಧ ಉದ್ದೇಶದ ಆಸ್ಪತ್ರೆಯಲ್ಲಿಯೂ ಗಾಯವು ಕೀವಾಗಬಹುದು. ಕೀವಿಗೆ ಮತಭೇದವಿಲ್ಲ.

ಈ ಪ್ರಶ್ನೆಗೆ ಬೆಳಕು ಚೆಲ್ಲುವ ಒಂದು ಪ್ರಯೋಗವನ್ನು ಸ್ವಲ್ಪ ವಿಸ್ತಾರವಾಗಿಯೇ ಹೇಳಬೇಕಾಗಿದೆ. ಶಸ್ತ್ರಕ್ರಿಯೆಯ ಕಾಲದಲ್ಲಿ ಆಗುವ ತಪ್ಪುಗಳನ್ನು ತಡೆಯುವುದಕ್ಕಾಗಿ ವಿಶ್ವ ಆರೋಗ್ಯ ಸಂಸ್ಥೆಯು 19 ಅಂಶಗಳ ಒಂದು ತಪಾಸಣಾ ಪಟ್ಟಿಯನ್ನು ಸಿದ್ಧಪಡಿಸಿತು. ಅದರಲ್ಲಿರುವುದು ಯಾವ ಗಹನ ವಿದ್ಯೆಯೂ ಅಲ್ಲ. ರೋಗಿಯು ಯಾರು, ಕೊಯ್ಯಬೇಕಾದ ಸ್ಥಳವು ಯಾವುದು, ರೋಗಾಣುನಾಶಕ ಔಷಧವನ್ನು ಕೊಯ್ಯುವ ಮೊದಲಿನ ಒಂದು ಗಂಟೆಯೊಳಗೆ ಕೊಟ್ಟಿದೆಯೇ, ರಕ್ತವು ಸಿದ್ಧವಿದೆಯೇ, ಹೊಲಿಗೆ ಹಾಕಿದ ಮೇಲೆ ಸೂಜಿ ಹತ್ತಿಗಳ ಲೆಕ್ಕ ಸರಿಬಂದಿತೇ, ಇಂಥವುಗಳನ್ನು ಮೂರು ಘಟ್ಟಗಳಲ್ಲಿ ಗಟ್ಟಿಯಾಗಿ ಕೇಳಿ ಗಟ್ಟಿಯಾಗಿ ಉತ್ತರ ಪಡೆಯಬೇಕು, ಅಷ್ಟೆ. 2007ರ ಅಕ್ಟೋಬರಿನಿಂದ 2008ರ ಸೆಪ್ಟೆಂಬರಿನ ವರೆಗೆ ಜಗತ್ತಿನ ಎಂಟು ನಗರಗಳ ಎಂಟು ಆಸ್ಪತ್ರೆಗಳಲ್ಲಿ ಇದನ್ನು ಪರೀಕ್ಷಿಸಿದರು. ಲಂಡನ್, ಸಿಯಾಟಲ್, ಟೊರಾಂಟೊಗಳಂಥ ಸಂಪನ್ನ ನಗರಗಳ ಜೊತೆಯಲ್ಲಿ ಎರಡು ಧರ್ಮಾಸ್ಪತ್ರೆಗಳೂ ಇದ್ದುವು: ಒಂದು, ಆಂಗ್ಲ ಮಿಶನ್ ಮಹಿಳೆಯರು 1885ರಲ್ಲಿ ತೆರೆದ, ಈಗ ತೀಸ್ ಹಜಾರಿಯಲ್ಲಿರುವ ದಿಲ್ಲಿಯ ಸಂತ ಸ್ಟೀಫನರ ಆಸ್ಪತ್ರೆ, ಇನ್ನೊಂದು, ಆಫ್ರಿಕದ ತಾಂಜಾನಿಯಾ ದೇಶದ ಇಫಾಕಾರಾ ಎಂಬ ಊರಿನ ಸಂತ ಫ್ರಾನ್ಸಿಸರ ಆಸ್ಪತ್ರೆ.

ಫಲವು ಆಶ್ಚರ್ಯಕರವಾಗಿತ್ತು. ಪಟ್ಟಿಯನ್ನು ಜಾರಿಗೆ ತರುವ ಮೊದಲು ಎಂಟೂ ಆಸ್ಪತ್ರೆಗಳ 3,733 ರೋಗಿಗಳಲ್ಲಿ ನೂರಕ್ಕೆ 1.5 ಮಂದಿ ಸತ್ತಿದ್ದರು. ಆಮೇಲಿನ 3,955 ರೋಗಿಗಳಲ್ಲಿ ಈ ಪ್ರಮಾಣವು 0.8ಕ್ಕೆ ಇಳಿಯಿತು. ಶಸ್ತ್ರಕ್ರಿಯೋತ್ತರ ತೊಡಕುಗಳು ನೂರಕ್ಕೆ 11ರಿಂದ 7ಕ್ಕೆ ಇಳಿದುವು. ಇವು ಎಂಟನ್ನೂ ಕೂಡಿಸಿದ ಅಂಕಿಗಳು. ಯಾವ ಊರಿನಲ್ಲಿ ಎಷ್ಟೆಂಬುದನ್ನು ವರದಿಯಲ್ಲಿ ಹೆಸರಿಟ್ಟು ಹೇಳಿಲ್ಲ. ಆದುದರಿಂದ ಧರ್ಮಾಸ್ಪತ್ರೆಗಳೇ ಗೆದ್ದುವೆಂದು ಬೀಗುವುದಕ್ಕೆ ಇಲ್ಲಿ ಅವಕಾಶವಿಲ್ಲ. ಅವು ಸಂಪನ್ನ ಆಸ್ಪತ್ರೆಗಳ ಪಂಕ್ತಿಯಲ್ಲಿಯೇ ಕುಳಿತು, ಅದೇ ಅಳತೆಗೋಲಿಗೆ ತಲೆಯೊಡ್ಡಿದುವೆಂಬುದು ಮಾತ್ರ ನಿಶ್ಚಯ.

ಇದನ್ನು ಕಂಡು ಅನೇಕ ಸರಕಾರಗಳು ಆ ಪಟ್ಟಿಯನ್ನು ಕಡ್ಡಾಯ ಮಾಡಿದುವು. ಕೆನಡಾ ದೇಶದ ಒಂಟಾರಿಯೊ ಪ್ರಾಂತವು 2010ರ ಜುಲೈಯಿಂದ, ಆಸ್ಪತ್ರೆಗಳು ಪಟ್ಟಿಯನ್ನು ಪಾಲಿಸುತ್ತಿರುವ ಪ್ರಮಾಣವನ್ನು ಬಹಿರಂಗವಾಗಿ ವರದಿ ಮಾಡತಕ್ಕದ್ದೆಂದು ವಿಧಿಸಿತು. ಬಹುತೇಕ ಆಸ್ಪತ್ರೆಗಳು ಪೂರ್ಣ ಪಾಲನೆಯನ್ನೇ ವರದಿ ಮಾಡಿದುವು. 2014ರಲ್ಲಿ ವಿದ್ವಾಂಸರು ಅಲ್ಲಿನ 101 ಆಸ್ಪತ್ರೆಗಳ ಲೆಕ್ಕವನ್ನು ತೆಗೆದು ನೋಡಲಾಗಿ, ಮರಣ ಪ್ರಮಾಣವು 0.71ರಿಂದ 0.65ಕ್ಕೆ ಬಂದಿತ್ತು, ಗಣಿತದ ದೃಷ್ಟಿಯಿಂದ ಅದು ಇಳಿಕೆಯೇ ಅಲ್ಲವೆನ್ನುವಷ್ಟು ಅಲ್ಪ. ಅದೇ ಪಟ್ಟಿ, ಅದೇ ಅಂಶಗಳು. ಒಂದೆಡೆ ಸಾವು ಅರ್ಧಕ್ಕಿಳಿಯಿತು, ಇನ್ನೊಂದೆಡೆ ಇದ್ದಲ್ಲಿಯೇ ಇತ್ತು. ಒಂಟಾರಿಯೊದಲ್ಲಿ ಮೊದಲೇ ಸಾವು ಕಡಿಮೆಯಿತ್ತಲ್ಲವೆ, ಇನ್ನೆಷ್ಟು ಇಳಿಯಬೇಕಾಗಿತ್ತು, ಎಂದು ವಾದಿಸುವವರುಂಟು. ಆ ಮಾತಿನಲ್ಲಿ ಹುರುಳಿಲ್ಲದಿಲ್ಲ. ಆದರೂ ಜಾರಿಗೆ ತಂದ ರೀತಿಯ ಭೇದವನ್ನು ಮರೆಯುವಂತಿಲ್ಲ. ಎಂಟು ಆಸ್ಪತ್ರೆಗಳಲ್ಲಿ ಆಯಾ ಊರಿನ ವೈದ್ಯರೇ ಮುಂದಾಳುಗಳಾಗಿ ನಿಂತರು. ಮೊದಲು ತಮ್ಮ ಕೊರತೆಗಳನ್ನು ಎಣಿಸಿ, ಆ ಎಣಿಕೆಯನ್ನು ತಮ್ಮ ಸಿಬ್ಬಂದಿಗೇ ತೋರಿಸಿದರು. ಬಳಿಕ ಉಪನ್ಯಾಸ ಮಾಡಿ, ಬರೆದುಕೊಟ್ಟು, ಶಸ್ತ್ರಶಾಲೆಯಲ್ಲಿ ಪಕ್ಕದಲ್ಲಿ ನಿಂತು ಕಲಿಸಿದರು. ಆಮೇಲೆ ಮತ್ತೆ ಎಣಿಸಿದರು. ಇಷ್ಟೆಲ್ಲ ಮಾಡಿದರೂ ಆರು ಮುಖ್ಯ ರಕ್ಷಣಾ ಕ್ರಮಗಳನ್ನು ಪೂರ್ತಿಯಾಗಿ ಪಾಲಿಸಿದ್ದು ನೂರಕ್ಕೆ 34ರಿಂದ 57ರಷ್ಟಕ್ಕೆ ಏರಿತೇ ಹೊರತು ನೂರಕ್ಕೆ ನೂರಾಗಲಿಲ್ಲ. ಒಂಟಾರಿಯೊದಲ್ಲಿ ನೂರಕ್ಕೆ ಹತ್ತಿರದ ಅಂಕಿಯೇ ಕಾಗದದ ಮೇಲಿತ್ತು. ಐವತ್ತೇಳನ್ನು ನಿಜವಾಗಿ ಬರೆದವರಲ್ಲಿ ಜನರು ಬದುಕಿದರು ಎಂಬುದನ್ನು ನಮ್ಮ ಆಡಳಿತ ಮಂಡಲಿಗಳ ಕಾರ್ಯದರ್ಶಿಗಳು ಒಮ್ಮೆ ನಿಧಾನವಾಗಿ ಯೋಚಿಸಬೇಕು.

ಹಾಗಾದರೆ ಈ ಕಾರ್ಯದಲ್ಲಿ ಧರ್ಮದ ಪಾತ್ರವೇನು? ಧರ್ಮವು ಕೊಡುವುದು ಸಹನೆಯನ್ನು, ಅಸಹ್ಯವನ್ನು ಜಯಿಸುವ ಶಕ್ತಿಯನ್ನು. ಸ್ವಾಮಿ ವಿವೇಕಾನಂದರ ಶಿಷ್ಯರಾದ ಸ್ವಾಮಿ ಕಲ್ಯಾಣಾನಂದರು 1901ರಲ್ಲಿ ಹರಿದ್ವಾರದ ಸಮೀಪದ ಕನಖಲದಲ್ಲಿ ರೋಗಿಗಳ ಸೇವಾಶ್ರಮವನ್ನು ತೆರೆದರು. ಸ್ವಾಮಿ ನಿಶ್ಚಯಾನಂದರು ಅವರನ್ನು ಕೂಡಿಕೊಂಡು, ಔಷಧದ ಪೆಟ್ಟಿಗೆಯನ್ನು ಹೊತ್ತು ಹೃಷೀಕೇಶದ ವರೆಗೂ ಕಾಲ್ನಡಿಗೆಯಲ್ಲಿ ಹೋಗಿ ಬರುತ್ತಿದ್ದರು. ರೋಗಿಗಳ ಮಲಮೂತ್ರಗಳನ್ನು ಕೈಯಾರೆ ಎತ್ತುತ್ತಿದ್ದ ಈ ಸಂನ್ಯಾಸಿಗಳನ್ನು ಸುತ್ತಣ ಸಾಧುಗಳು ಹೀಯಾಳಿಸಿ ದೂರವಿಟ್ಟರೂ ಅವರು ಕದಲಲಿಲ್ಲ. ಸಂಬಳವಾಗಲಿ ಅಧಿಕಾರದ ಭಯವಾಗಲಿ ಮನುಷ್ಯನಿಂದ ಈ ಕೆಲಸವನ್ನು ವರ್ಷಾನುಗಟ್ಟಲೆ ಮಾಡಿಸಲಾರದು. ಇದು ಧರ್ಮಾಸ್ಪತ್ರೆಯ ಮೂಲಧನ. ಇದನ್ನು ಅಲ್ಲಗಳೆಯುವವರು ಆಸ್ಪತ್ರೆಯ ವಾರ್ಡನ್ನು ರಾತ್ರಿಯ ಹೊತ್ತು ಕಂಡವರಲ್ಲ.

ಆದರೆ ಅದೇ ಧರ್ಮವು ಇನ್ನೊಂದನ್ನೂ ಕೊಡುವುದು, ಅದು ಪೀಠದ ಮೇಲಣ ಭಕ್ತಿ. ಗುರುಗಳು ಅಪ್ಪಣೆ ಕೊಡಿಸಿದ್ದನ್ನು, ಬಿಷಪ್ಪರು ನಿಶ್ಚಯಿಸಿದ್ದನ್ನು, ಮದರ್ ಸುಪೀರಿಯರರು ಹೇಳಿದ್ದನ್ನು ಪ್ರಶ್ನಿಸುವುದು ಆ ಅಂಗಳದಲ್ಲಿ ಅವಿನಯವೆನಿಸುವುದು. ಪೂಜಾಮಂದಿರದಲ್ಲಿ ಈ ವಿನಯವು ಭೂಷಣವೇ ಸರಿ. ಶಸ್ತ್ರಶಾಲೆಯಲ್ಲಿಯೋ ಇದು ಅಪಾಯ. ಮೇಲೆ ಹೇಳಿದ ತಪಾಸಣಾ ಪಟ್ಟಿಯ ಪ್ರಾಣವೆಲ್ಲ ಇರುವುದು, ಅತಿ ಕಿರಿಯ ದಾದಿಯು ಅತಿ ಹಿರಿಯ ಸರ್ಜನ್ನರನ್ನು “ನಿಲ್ಲಿಸಿರಿ, ಹತ್ತಿಯ ಲೆಕ್ಕದಲ್ಲಿ ಒಂದು ಕಡಿಮೆಯಿದೆ” ಎಂದು ತಡೆಯಬಲ್ಲಳೇ ಎಂಬುದರಲ್ಲಿ. ತಪ್ಪು ವರದಿಯಾದಾಗ ವರದಿ ಮಾಡಿದವಳನ್ನೇ ‘ಶ್ರದ್ಧೆ ಸಾಲದವಳು’ ಎಂದು ಕಂಡರೆ, ಮುಂದಿನ ತಪ್ಪು ಯಾರಿಗೂ ವರದಿಯಾಗುವುದಿಲ್ಲ. ಆದುದರಿಂದ ಧರ್ಮಾಸ್ಪತ್ರೆಯಲ್ಲಿ ಯಾವುದೇ ಯೋಜನೆಯನ್ನು ಜಾರಿಗೆ ತರಬೇಕಾದರೆ ಮೊದಲು ಪೀಠವೇ ಬಾಯ್ಬಿಟ್ಟು, ಆಸ್ಪತ್ರೆಯ ಒಳಗೆ ತಪ್ಪನ್ನು ತೋರಿಸುವುದು ಅಪರಾಧವಲ್ಲವೆಂದು ಸಾರಬೇಕಾಗುವುದು. ಇದನ್ನು ಪೀಠದ ಹೊರತು ಬೇರೆ ಯಾರು ಹೇಳಿದರೂ ಫಲವಿಲ್ಲ.

ಸಂಕಲ್ಪವನ್ನು ಕಟ್ಟುಪಾಡಾಗಿ ಪರಿವರ್ತಿಸಿದ ದೃಷ್ಟಾಂತಕ್ಕೆ ನಾವು ದೂರ ಹೋಗಬೇಕಾಗಿಲ್ಲ. ಕನ್ನಡ ನಾಡಿನ ರೋಗಿಗಳು ರೈಲು ಹತ್ತಿ ಹೋಗುತ್ತಿರುವ ವೇಲೂರು ಇದ್ದೇ ಇದೆ. ಡಾಕ್ಟರ್ ಐಡಾ ಸ್ಕಡ್ಡರ್ 1900ರಲ್ಲಿ ಅಲ್ಲಿ ಒಂದು ಚಿಕ್ಕ ಔಷಧಾಲಯದಿಂದ ಆರಂಭಿಸಿದಳು. 1902ರಲ್ಲಿ 40 ಹಾಸಿಗೆಗಳ ಆಸ್ಪತ್ರೆಯಾಯಿತು. ತಾನೊಬ್ಬಳೇ ಎಷ್ಟು ದುಡಿದರೂ ಸಾಲದೆಂಬುದನ್ನು ಅರಿತು ಅವಳು ಇನ್ನಷ್ಟು ಕಟ್ಟಡಗಳಿಗಿಂತ ಮೊದಲು ಜನರನ್ನು ತಯಾರಿಸಲು ತೊಡಗಿದಳು. 1909ರಲ್ಲಿ ದಾದಿಯರ ಶಾಲೆ, 1918ರಲ್ಲಿ ಸ್ತ್ರೀಯರಿಗೆ ವೈದ್ಯಶಾಲೆ. 1947ರಲ್ಲಿ ಪುರುಷರಿಗೂ ಪ್ರವೇಶ. ಮುಂದೆ 1961ರಲ್ಲಿ ಹೃದಯವನ್ನು ತೆರೆದು ಮಾಡುವ ಶಸ್ತ್ರಕ್ರಿಯೆಯೂ, 1971ರಲ್ಲಿ ಮೂತ್ರಪಿಂಡದ ಕಸಿಯೂ ಭಾರತದಲ್ಲಿ ಮೊದಲು ಅಲ್ಲಿಯೇ ನಡೆದುವು. ಇವೆಲ್ಲಕ್ಕಿಂತ ನಮ್ಮ ಗಮನವನ್ನು ಸೆಳೆಯುವುದು ಒಂದು ಮುಚ್ಚಳಿಕೆಯ ಕಾಗದ. ಸಭೆಗಳ ಶಿಫಾರಸಿನಿಂದ ಸೇರಿದ ವಿದ್ಯಾರ್ಥಿಯು ಕಲಿತು ಮುಗಿಸಿದ ಮೇಲೆ ಎರಡು ವರ್ಷ ಆ ಸಭೆಯ ಆಸ್ಪತ್ರೆಯೊಂದರಲ್ಲಿ, ಹೆಚ್ಚಾಗಿ ಹಿಂದುಳಿದ ಸ್ಥಳಗಳಲ್ಲಿ, ಕೆಲಸ ಮಾಡಬೇಕೆಂಬ ಕರಾರು ಅದು. ಬೆಂಗಳೂರಿನ ಸಂತ ಜಾನರ ವೈದ್ಯಕೀಯ ಕಾಲೇಜಿನಲ್ಲಿಯೂ, 1963ರಲ್ಲಿ ಹುಟ್ಟಿದ್ದು ಅದು, ಗ್ರಾಮಸೇವೆಯ ಇಂಥದೇ ಕಟ್ಟಳೆಯುಂಟು. ‘ಬಡವರ ಸೇವೆ’ ಎಂಬ ಮಾತು ಇಲ್ಲಿ ರುಜು ಮಾಡಬೇಕಾದ ಪತ್ರವಾಯಿತು. ಯಾವುದೋ ದೂರದ ಮಿಶನ್ ಆಸ್ಪತ್ರೆಯ ಹಾಜರಿ ಪುಸ್ತಕದಲ್ಲಿ ಒಬ್ಬ ವೈದ್ಯನ ಹೆಸರಾಯಿತು. ವೈದ್ಯವಿದ್ಯೆಯ ಪ್ರವೇಶಕ್ಕೆ ನೀಟ್ ಪರೀಕ್ಷೆಯು ಅಲ್ಪಸಂಖ್ಯಾತರ ಸಂಸ್ಥೆಗಳಿಗೂ ಅನ್ವಯಿಸುವುದೆಂದು ಸುಪ್ರೀಂ ಕೋರ್ಟು 2020ರಲ್ಲಿ ತೀರ್ಪಿತ್ತ ಮೇಲೆ, ತಮಗೆ ಬೇಕಾದ ಸ್ವಭಾವದ ವಿದ್ಯಾರ್ಥಿಗಳನ್ನು ತಮ್ಮ ರೀತಿಯಿಂದ ಆರಿಸುವ ಹಿಂದಿನ ಸ್ವಾತಂತ್ರ್ಯವು ಈ ಸಂಸ್ಥೆಗಳಿಗೆ ಕುಗ್ಗಿತು. ತೀರ್ಪಿನ ಯುಕ್ತಾಯುಕ್ತತೆಯನ್ನು ಕುರಿತು ಇಲ್ಲಿ ವಾದಿಸುವುದಿಲ್ಲ. ಆಯ್ಕೆಯ ಒಂದು ಹಳೆಯ ಸಾಧನವು ಸಡಿಲವಾದಾಗ ತರಬೇತಿಯ ಮೇಲೆ ಹೆಚ್ಚಿನ ಭಾರ ಬೀಳುವುದೆಂಬುದನ್ನು ಮಾತ್ರ ಸಂಬಂಧಪಟ್ಟವರು ಲಕ್ಷ್ಯಕ್ಕೆ ತಂದುಕೊಳ್ಳಬೇಕು.

ವೇಲೂರಿನ ಭಾಗ್ಯವು ಎಲ್ಲ ಮಿಶನ್ ಆಸ್ಪತ್ರೆಗಳಿಗೂ ದೊರೆಯಲಿಲ್ಲ. ಸ್ವಾತಂತ್ರ್ಯಾನಂತರ ಪರದೇಶದ ವೈದ್ಯರೂ ಹಣವೂ ಹಿಂದಿರುಗತೊಡಗಲು, ಒಬ್ಬಿಬ್ಬರ ವ್ಯಕ್ತಿತ್ವದ ಮೇಲೆ ನಿಂತಿದ್ದ ಎಷ್ಟೋ ಆಸ್ಪತ್ರೆಗಳು ಸೊರಗಿದುವು. ಉತ್ತರ ಹಿಂದೂಸ್ಥಾನದ ಕೆಲವು ಮಿಶನ್ ಆಸ್ಪತ್ರೆಗಳು 1969ರಲ್ಲಿ ಇಮ್ಯಾನುವೆಲ್ ಹಾಸ್ಪಿಟಲ್ ಅಸೋಸಿಯೇಶನ್ ಎಂಬ ಹೆಸರಿನಲ್ಲಿ ಒಂದುಗೂಡಿ, ಆಡಳಿತವನ್ನು ಭಾರತೀಯರ ಕೈಗೆ ತಂದುಕೊಂಡು ಉಳಿದುವು. ಪೂಜ್ಯ ಡಾಕ್ಟರರೊಬ್ಬರು ಊರು ಬಿಟ್ಟ ಮರುದಿನವೇ ಆಸ್ಪತ್ರೆಯ ಮಟ್ಟವು ಕುಸಿದರೆ, ಅಲ್ಲಿ ಇದ್ದದ್ದು ಒಬ್ಬ ಮಹಾಪುರುಷನೇ ಹೊರತು ವ್ಯವಸ್ಥೆಯಲ್ಲ. ನಮ್ಮ ಮಠಗಳ ಆಸ್ಪತ್ರೆಗಳು ಬಹುಮಟ್ಟಿಗೆ ಇನ್ನೂ ಮೊದಲ ತಲೆಮಾರಿನವು, ಹೆಚ್ಚೆಂದರೆ ಎರಡನೆಯದು. ಅವು ಈ ಇತಿಹಾಸವನ್ನು ಓದಿಕೊಳ್ಳುವುದು ಒಳಿತು.

ಇನ್ನು ಹಣದ ಮಾತು. ಧರ್ಮಾಸ್ಪತ್ರೆಯ ಸಂಕಲ್ಪವು ಹೆಚ್ಚಾಗಿ ಎಡವುವುದು ಇಲ್ಲಿಯೇ. ‘ಬಡವರಿಗೆ ಉಚಿತ’ ಎಂಬ ಠರಾವು ಸುಲಭ. ಯಾರು ಬಡವರು, ಅವರನ್ನು ಯಾರು ಗುರುತಿಸುವರು, ಆ ಹಾಸಿಗೆಯ ಖರ್ಚು ಯಾವ ಖಾತೆಯಿಂದ, ಎಂಬುದನ್ನು ಬರೆದಿಡದಿದ್ದರೆ ಆ ಔದಾರ್ಯವು ಗುಮಾಸ್ತನ ಮರ್ಜಿಯಾಗಿ ಪರಿಣಮಿಸುವುದು. ಮಹಾರಾಷ್ಟ್ರದಲ್ಲಿ ಧರ್ಮಾರ್ಥ ಟ್ರಸ್ಟುಗಳ ಆಸ್ಪತ್ರೆಗಳು ಈ ವಚನವನ್ನು ಕೊಟ್ಟು ರಿಯಾಯತಿಗಳನ್ನು ಪಡೆದು ವಚನವನ್ನು ಮರೆತುವೆಂಬ ದೂರು ಬೆಳೆದು, ಕೊನೆಗೆ 2006ರಲ್ಲಿ ಮುಂಬಯಿ ಹೈಕೋರ್ಟು ಒಂದು ಯೋಜನೆಯನ್ನೇ ವಿಧಿಸಬೇಕಾಯಿತು. ನೂರರಲ್ಲಿ ಹತ್ತು ಹಾಸಿಗೆ ನಿರ್ಗತಿಕರಿಗೆ ಉಚಿತ; ಇನ್ನು ಹತ್ತು ದುರ್ಬಲ ವರ್ಗದವರಿಗೆ ರಿಯಾಯತಿಯಲ್ಲಿ; ಇತರ ರೋಗಿಗಳ ಬಿಲ್ಲಿನ ಒಟ್ಟು ಮೊತ್ತದಲ್ಲಿ ನೂರಕ್ಕೆ ಎರಡರಂತೆ ತೆಗೆದು ಬಡರೋಗಿಗಳ ನಿಧಿಯೆಂದು ಪ್ರತ್ಯೇಕ ಖಾತೆಯಲ್ಲಿಡಬೇಕು. ಇದಕ್ಕೆ ಆಧಾರವಾದ 1950ರ ಮುಂಬಯಿ ಸಾರ್ವಜನಿಕ ಟ್ರಸ್ಟುಗಳ ಕಾಯಿದೆಯು ಒಮ್ಮೆ ಬೆಳಗಾವಿ, ಧಾರವಾಡ, ವಿಜಾಪುರ, ಕಾರವಾರಗಳಿಗೂ ಅನ್ವಯಿಸುತ್ತಿದ್ದಿತು. 1956ರ ಏಕೀಕರಣದ ಕಾಲಕ್ಕೆ ಆ ಜಿಲ್ಲೆಗಳು ಮುಂಬಯಿಯನ್ನು ಬಿಟ್ಟು ಬಂದುವು. ಹೈಕೋರ್ಟಿನ ಯೋಜನೆಯಲ್ಲಿ ನಮಗೆ ಮೆಚ್ಚಿಗೆಯಾದುದು ಹತ್ತು ಎಂಬ ಅಂಕಿಯಲ್ಲ, ಆ ಪ್ರತ್ಯೇಕ ಖಾತೆ. ಖಾತೆಯಲ್ಲಿ ಹಣವಿದ್ದು ಹಾಸಿಗೆ ಖಾಲಿಯಿದ್ದರೆ, ಲೆಕ್ಕ ತನಿಖೆಗೆ ಬಂದವನು ಕಾರಣವನ್ನು ಕೇಳಬಹುದು. ಧರ್ಮಬುದ್ಧಿಯು ತಾನಾಗಿಯೇ ಮಾಡಬೇಕಾಗಿದ್ದ ಕೆಲಸವನ್ನು ನ್ಯಾಯಾಲಯವು ಮಾಡಿಸಬೇಕಾಗಿ ಬಂದಿತೆಂಬುದು ಧರ್ಮಸಂಸ್ಥೆಗಳಿಗೆ ಅಭಿಮಾನದ ಸಂಗತಿಯಲ್ಲ.

ಇದಕ್ಕೆ ತೀರ ಭಿನ್ನವಾದ ಮಾರ್ಗವನ್ನು ಸತ್ಯಸಾಯಿ ಸಂಸ್ಥೆಯು ಹಿಡಿಯಿತು. 1991ರಲ್ಲಿ ಪುಟ್ಟಪರ್ತಿಯಲ್ಲಿ, 2001ರಲ್ಲಿ ಬೆಂಗಳೂರಿನ ವೈಟ್‌ಫೀಲ್ಡಿನಲ್ಲಿ ತೆರೆದ ಅದರ ದೊಡ್ಡ ಆಸ್ಪತ್ರೆಗಳಲ್ಲಿ ಹಣ ಕಟ್ಟುವ ಕಿಟಕಿಯೇ ಇಲ್ಲ. ಇದು ಪವಾಡವೆಂದು ಭಕ್ತರು ಭಾವಿಸಬಹುದು. ಆಡಳಿತದ ದೃಷ್ಟಿಯಿಂದ ನೋಡಿದರೆ ಅದರ ಹಿಂದೆ ಕಠಿನವಾದ ಒಂದು ನಿರ್ಧಾರವುಂಟು: ಎಲ್ಲ ರೋಗಗಳನ್ನೂ ಕೈಗೆತ್ತಿಕೊಳ್ಳದೆ, ವೈಟ್‌ಫೀಲ್ಡಿನಲ್ಲಿ ಮುಖ್ಯವಾಗಿ ಹೃದಯ ಮತ್ತು ಮೆದುಳು-ನರಗಳ ಚಿಕಿತ್ಸೆಯಂತೆ, ಕೆಲವೇ ವಿಭಾಗಗಳನ್ನು ಇಟ್ಟುಕೊಳ್ಳುವುದು. ಕೆಲವನ್ನು ಬಿಟ್ಟುದರಿಂದಲೇ ಉಳಿದುವನ್ನು ಚೆನ್ನಾಗಿ ಮಾಡಲು ಸಾಧ್ಯವಾಯಿತು. ನಮ್ಮ ಅನೇಕ ಧರ್ಮಾಸ್ಪತ್ರೆಗಳಾದರೋ ದಾನಿಯೊಬ್ಬರು ಯಂತ್ರವೊಂದನ್ನು ಕೊಟ್ಟರೆಂದು ಹೊಸ ವಿಭಾಗವನ್ನು ತೆರೆಯುವುವು. ಯಂತ್ರದ ಮೇಲೆ ದಾನಿಯ ಹೆಸರು ಹೊಳೆಯುತ್ತಿರುವುದು, ಅದನ್ನು ನಡೆಸಬಲ್ಲವನು ಬರುವುದು ವಾರಕ್ಕೊಮ್ಮೆ.

ಮಧುರೆಯ ಅರವಿಂದ ಕಣ್ಣಾಸ್ಪತ್ರೆಯು ಯಾವ ಮಠಕ್ಕೂ ಸೇರಿದುದಲ್ಲ. ಆದರೂ ಅದರ ಸ್ಥಾಪಕರಾದ ಡಾಕ್ಟರ್ ವೆಂಕಟಸ್ವಾಮಿಗಳು ಶ್ರೀ ಅರವಿಂದರ ಅನುಯಾಯಿಗಳಾಗಿದ್ದು, ಆ ಭಾವನೆಯಿಂದಲೇ 1976ರಲ್ಲಿ 11 ಹಾಸಿಗೆಗಳೊಂದಿಗೆ ಕೆಲಸ ತೊಡಗಿದರು. ಹಣ ಕೊಡುವವರಿಂದ ಬಂದ ಉಳಿತಾಯದಲ್ಲಿ ಕೊಡಲಾರದವರ ಚಿಕಿತ್ಸೆ ನಡೆಯುವುದು ಅಲ್ಲಿನ ಪದ್ಧತಿ. ಇದಕ್ಕಿಂತ ಮುಖ್ಯವಾದುದು, ಉಚಿತ ವಿಭಾಗಕ್ಕೂ ಹಣದ ವಿಭಾಗಕ್ಕೂ ಅದೇ ವೈದ್ಯರು ಸರದಿಯಂತೆ ಹೋಗುವುದು. ಬಡವನಿಗೊಬ್ಬ ಕಲಿಯುವ ವೈದ್ಯ, ಸಿರಿವಂತನಿಗೊಬ್ಬ ಕಲಿತ ವೈದ್ಯ ಎಂಬ ವ್ಯವಸ್ಥೆಯನ್ನು ಸರದಿಯ ಒಂದು ಚೀಟಿಯು ತಪ್ಪಿಸಿತು. ಅದೇ ಸಂಸ್ಥೆಯವರು 1992ರಲ್ಲಿ ಕಣ್ಣಿನೊಳಗೆ ಕೂರಿಸುವ ಮಸೂರವನ್ನು ತಾವೇ ತಯಾರಿಸತೊಡಗಿ ಅದರ ಬೆಲೆಯನ್ನು ಬಹುವಾಗಿ ಇಳಿಸಿದರು. 2018ರಿಂದ ನಡೆಯುತ್ತಿರುವ ಆಯುಷ್ಮಾನ್ ಭಾರತ ಯೋಜನೆಯಲ್ಲಿ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿಯ ವರೆಗೆ ಚಿಕಿತ್ಸೆಯ ವೆಚ್ಚವನ್ನು ಸರಕಾರವು ಭರಿಸುವುದಷ್ಟೆ. ಒಂದೊಂದು ಚಿಕಿತ್ಸೆಗೂ ದರವು ಗೊತ್ತುಮಾಡಲ್ಪಟ್ಟಿದೆ. ತನ್ನ ಒಂದು ಶಸ್ತ್ರಕ್ರಿಯೆಗೆ ನಿಜವಾಗಿ ತಗಲುವ ವೆಚ್ಚವನ್ನು ತಿಳಿಯದ ಧರ್ಮಾಸ್ಪತ್ರೆಯು ಈ ಯೋಜನೆಯಲ್ಲಿ ಸೇರಿ ಸಾಲಕ್ಕೆ ಬೀಳುವುದು, ಇಲ್ಲವೆ ಹೆದರಿ ಹೊರಗುಳಿದು ಬಡವನನ್ನು ಕಳೆದುಕೊಳ್ಳುವುದು.

ದಾದಿಯರ ವಿಷಯವನ್ನು ನಾವು ಉದ್ದೇಶಪೂರ್ವಕವಾಗಿಯೇ ಕೊನೆಗೆ ಇಟ್ಟುಕೊಂಡಿದ್ದೇವೆ, ಏಕೆಂದರೆ ಅದನ್ನು ಹೇಳುವುದು ಅಪ್ರಿಯ. ಸೇವೆಯೆಂಬ ಶಬ್ದವನ್ನು ಮುಂದೆ ಮಾಡಿ ಸಂಬಳವನ್ನು ಕಡಿಮೆ ಮಾಡುವ ಪದ್ಧತಿಯು ಧರ್ಮಾಸ್ಪತ್ರೆಗಳಲ್ಲಿ ಅಪರೂಪವಲ್ಲ. ವ್ರತವನ್ನು ಕೈಕೊಂಡ ಸಿಸ್ಟರಳಾಗಲಿ ಸಂನ್ಯಾಸಿಯಾಗಲಿ ಸಂಬಳವಿಲ್ಲದೆ ದುಡಿಯುವುದು ಅವರ ಸ್ವಂತ ತ್ಯಾಗ. ಮನೆಯಲ್ಲಿ ಮುದಿ ತಂದೆತಾಯಿಗಳನ್ನೂ ಸಾಲವನ್ನೂ ಇಟ್ಟುಕೊಂಡು ಬಂದ ದಾದಿಯಿಂದ ಅದೇ ತ್ಯಾಗವನ್ನು ಮಂಡಲಿಯು ಠರಾವು ಮಾಡಿ ವಸೂಲು ಮಾಡುವುದು ಬೇರೆ ಮಾತು. ಖಾಸಗಿ ಆಸ್ಪತ್ರೆಗಳ ದಾದಿಯರ ಸ್ಥಿತಿಯನ್ನು ಪರಿಶೀಲಿಸಲು ಸಮಿತಿಯನ್ನು ನೇಮಿಸಬೇಕೆಂದು ಸುಪ್ರೀಂ ಕೋರ್ಟು 2016ರಲ್ಲಿ ಆಜ್ಞಾಪಿಸಿತು. ಚಿಕ್ಕ ಆಸ್ಪತ್ರೆಯಲ್ಲಿಯೂ ತಿಂಗಳಿಗೆ 20,000 ರೂಪಾಯಿಗಿಂತ ಕಡಿಮೆ ಕೊಡಕೂಡದೆಂದು ಆ ಸಮಿತಿಯು ಹೇಳಿತು. ಕೇರಳದಲ್ಲಿ 2017ರಲ್ಲಿ ದಾದಿಯರು ಮುಷ್ಕರ ಹೂಡಿದ ಬಳಿಕವೇ 2018ರಲ್ಲಿ ಅಲ್ಲಿನ ಸರಕಾರವು ಅದೇ ಮೊತ್ತವನ್ನು ಮೂಲವೇತನವಾಗಿ ಘೋಷಿಸಿತು. ಕಡಿಮೆ ಸಂಬಳದ ದಾದಿಯು ಪಳಗುವಷ್ಟರಲ್ಲಿ ಬೇರೆಡೆಗೆ, ಎಷ್ಟೋ ವೇಳೆ ಕೊಲ್ಲಿಯ ದೇಶಗಳಿಗೆ, ಹೋಗಿಬಿಡುವಳು. ಅವಳಿಗೆ ಕಲಿಸಿದ ಪಟ್ಟಿ, ಕೈತೊಳೆಯುವ ಕ್ರಮ, ಔಷಧದ ಎರಡು ಬಾರಿಯ ತಪಾಸಣೆ, ಎಲ್ಲವೂ ಅವಳೊಂದಿಗೆ ಹೊರಟುಹೋಗುವುದು. ವಾರ್ಡಿನಲ್ಲಿ ಮತ್ತೆ ಹೊಸಬಳು. ಅವಳ ಪಾಲಿಗೆ ಐವರ ಬದಲು ಹದಿನೈದು ರೋಗಿಗಳು. ಇಂಥಲ್ಲಿ ಶುಶ್ರೂಷೆಯ ಗುಣವು ಹೆಚ್ಚಬೇಕೆಂದು ಮೇಲಿಂದ ಎಷ್ಟು ಸುತ್ತೋಲೆ ಬಂದರೂ ಅದು ಸೂಚನಾಫಲಕದ ಮೇಲೆ ಹಳದಿಯಾಗುವುದು, ಅಷ್ಟೆ.

ಸರಕಾರದ ಅಧಿಕಾರಿಗಳಿಗೂ ಇಲ್ಲಿ ಕೆಲಸವುಂಟು. 2005ರಲ್ಲಿ ಏರ್ಪಟ್ಟ ಎನ್.ಎ.ಬಿ.ಎಚ್. ಎಂಬ ರಾಷ್ಟ್ರೀಯ ಮಂಡಲಿಯು ಆಸ್ಪತ್ರೆಗಳ ಮಟ್ಟವನ್ನು ಪರೀಕ್ಷಿಸಿ ಪ್ರಮಾಣಪತ್ರ ಕೊಡುವುದು. ಅದು ಬೇಕು, ಆದರೆ ತನಿಖೆಯ ವಾರದಲ್ಲಿ ಹೊಳೆದು ಮುಂದಿನ ವಾರದಲ್ಲಿ ಮಂಕಾಗುವ ವಾರ್ಡುಗಳನ್ನು ಹಗಲಿನಲ್ಲಿ ಬರುವ ತನಿಖೆಗಾರರು ಕಾಣಲಾರರು. ಧರ್ಮಾಸ್ಪತ್ರೆಗೆ ಭೇಟಿಕೊಡುವ ಅಧಿಕಾರಿಯಾಗಲಿ, ವರ್ಷಕ್ಕೊಮ್ಮೆ ಸಭೆಗೆ ಬರುವ ಟ್ರಸ್ಟಿಯಾಗಲಿ, ಧ್ಯೇಯವಾಕ್ಯವನ್ನೂ ಹೊಸ ಕಟ್ಟಡವನ್ನೂ ನೋಡಿ ಹಾರ ಹಾಕಿಸಿಕೊಳ್ಳುವ ಮೊದಲು ಕಳೆದ ತಿಂಗಳಿನ ರಾತ್ರಿ ಪಾಳಿಯ ಹಾಜರಿ ಪುಸ್ತಕವನ್ನೊಮ್ಮೆ ತರಿಸಿ ನೋಡಲಿ. ಎಷ್ಟು ಗಾಯಗಳು ಕೀವಾದುವೆಂಬ ಲೆಕ್ಕವನ್ನು ಇಟ್ಟಿದ್ದಾರೆಯೇ ಎಂದು ಕೇಳಲಿ. ಉಚಿತ ಹಾಸಿಗೆಗಳು ಎಷ್ಟು, ಅವುಗಳಲ್ಲಿ ಈ ಹೊತ್ತು ಮಲಗಿರುವವರು ಎಷ್ಟು ಎಂಬುದನ್ನು ಉಗ್ರಾಣದವನಿಗಾಗಲಿ ಕಾವಲುಗಾರನಿಗಾಗಲಿ ಕೇಳಿದರೂ ಉತ್ತರ ಬರುವಂತಿರಬೇಕು. ಕರ್ನಾಟಕದ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯಿದೆಯು 2007ರದು. 2017ರಲ್ಲಿ ಅದಕ್ಕೆ ತಿದ್ದುಪಡಿಯಾಗಿ ರೋಗಿಗಳ ಹಕ್ಕುಗಳ ಸನ್ನದು ಸೇರಿತು. ಚಿಕಿತ್ಸೆಯ ದರಗಳನ್ನು ಸಾರ್ವಜನಿಕರಿಗೆ ಕಾಣುವಂತೆ ಪ್ರಕಟಿಸಬೇಕೆಂಬುದು ಅದರ ನಿಯಮ. ಉಚಿತ ಹಾಸಿಗೆಗಳ ದಿನದ ಸಂಖ್ಯೆಗೂ ಆ ಫಲಕದ ಮೇಲೆ ಒಂದು ಸಾಲಿನ ಸ್ಥಳವಿದ್ದೇ ಇದೆ. ಅದನ್ನು ಬರೆಯಲು ಹೊಸ ಕಾಯಿದೆಯಾಗಲಿ ದಾನಿಯಾಗಲಿ ಬೇಕಾಗಿಲ್ಲ. ಒಂದು ಸೀಮೆಸುಣ್ಣ ಸಾಕು.